ಲಕ್ಕಿ ಕೊಂಬೆಯ ಆಚೆ

6-2-1939, ಸೋಮವಾರ

ಕುರುಬಗೇರಿಯ ಬಾಣಂತಿಗೆ ಜ್ವರ ಇಲ್ಲ. ಮಗು ಹಾಲು ಕುಡಿಯುತ್ತಿದೆ. ಕೈ ತೊಳೆಯುವ ಲೈಸಾಲ್ ಔಷಧಿಯ ಬಾಟಲಿ ಮತ್ತೆ ತಳ ಕಂಡಿತು. ಹಂಪಾಪುರದ ಡಾಕ್ಟರಿಗೆ ಹೇಳಿ ಕಳಿಸಬೇಕು. ಅವರು “ನೋಡೋಣ ಸುನಂದಮ್ಮ” ಅನ್ನುತ್ತಾರೆ. ನೋಡಿ ನೋಡಿಯೇ ಅವರಿಗೆ ಕನ್ನಡಕ ಬಂದದ್ದು.

ಬಾಣಂತಿ ಸ್ನಾನಕ್ಕೆ ಲಕ್ಕಿ ಸೊಪ್ಪು ಬೇಕಿತ್ತು. ಹೊಳೆಕಾಡಿಗೆ ಹೋದೆ. ಕಾಲುದಾರಿಗೆ ಅಡ್ಡ ಕೊಂಬೆ — ಅಂದರೆ ಒಳಗೆ ಹೆಂಗಸರಿದ್ದಾರೆ. ಈ ಕಡವಿನಹಳ್ಳಿಯ ಪದ್ಧತಿಯೇ ಹಾಗೆ. ಬೆಳಿಗ್ಗೆ ಮೊದಲು ಹೋಗುವವಳು ಒಂದು ಲಕ್ಕಿ ಕೊಂಬೆ ಮುರಿದು ದಾರಿಗೆ ಅಡ್ಡ ಹಾಕುತ್ತಾಳೆ. ಕೊನೆಗೆ ಹೊರಬರುವವಳು ತೆಗೆದು ಎಸೆಯುತ್ತಾಳೆ. ನಡುವೆ ಗಂಡಸು ಅನ್ನಿಸಿಕೊಂಡವನು ಯಾರೂ ಅದನ್ನು ದಾಟುವುದಿಲ್ಲ. ಹೋದ ವರ್ಷ ಪಟೇಲರ ಎತ್ತು ಹಗ್ಗ ಕಿತ್ತುಕೊಂಡು ಒಳಗೆ ನುಗ್ಗಿತ್ತು. ಪಟೇಲರು ಕೊಂಬೆಯ ಈಚೆ ನಿಂತು ಅದರ ಹೆಸರು ಹಿಡಿದು ಕೂಗಿದ್ದೇ ಕೂಗಿದ್ದು. ಒಂದು ಹೆಜ್ಜೆ ಮುಂದಿಡಲಿಲ್ಲ.

ಕಾಡು ಎಂದರೆ ಮಹಾ ಕಾಡಲ್ಲ. ಕಪಿಲೆಯ ದಡದುದ್ದಕ್ಕೂ ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆ. ನೀರಿಗೆ ಇಳಿಬಿದ್ದ ಬೇರಿನ ಸಂದಿಯಲ್ಲಿ ಮೀನುಮರಿ. ಒಳಗೆ ಕೊಡಲಿ ತರಬಾರದು, ಬಿದ್ದ ಪುಳ್ಳೆ ಮಾತ್ರ ಆಯಬಹುದು. ಮೇಲ್ಗಡೆ ಸ್ನಾನಕ್ಕೆ, ಮುಟ್ಟಿನ ಬಟ್ಟೆ ಒಗೆಯಲು ಅದರ ಕೆಳಗೆ, ಚೊಂಬು ತಂದವರಿಗೆ ನೀರಿನಿಂದ ದೂರದ ಮೂಲೆ. ತಪ್ಪಿ ನಡೆದವಳಿಗೆ ಮುದುಕಿ ಚಿಕ್ಕಸಿದ್ದಮ್ಮನ ಬೈಗುಳ. ನಾನು ಈ ಊರಿಗೆ ಮಿಡ್‌ವೈಫಾಗಿ ಬಂದ ಮೊದಲ ವಾರ ನನಗೂ ಬಿದ್ದಿತ್ತು.

ಅತ್ತೆಯ ಮೇಲೆ ದೂರು, ಗಂಡನ ಏಟಿನ ಗುರುತು, ನಿಂತುಹೋದ ಮುಟ್ಟು — ಮನೆಯಲ್ಲಿ ಬಾಯಿಬಿಡದವರು ಅಲ್ಲಿ ಹೇಳುತ್ತಾರೆ. ನನ್ನ ಕೇಸು ಮುಕ್ಕಾಲು ಪಾಲು ಆ ಮರಗಳ ಕೆಳಗೇ ಗೊತ್ತಾಗುವುದು.

14-2-39, ಮಂಗಳವಾರ

ತಳವಾರ ತಮಟೆ ಬಡಿದ. ಹೊಳೆಕಾಡು ಹರಾಜಾಯಿತಂತೆ! ಮೈಸೂರಿನ ಯಾರೋ ಕಂಟ್ರಾಕ್ಟರ್ ಹಿಡಿದಿದ್ದಾನೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೆ ಸೌದೆ ಬೇಕು. ಮರವೆಲ್ಲ ಬುಡಸಮೇತ ಹೋಗುತ್ತದೆ. ಬಯಲಾದ ಮೇಲೆ ಜಮೀನು ದರಖಾಸ್ತಿಗೆ, ಅರ್ಜಿ ಹಾಕಿದವರಿಗೆ ಸಾಗುವಳಿಗೆ.

ಕೇಳಿ ಮೈಯೆಲ್ಲ ಉರಿದುಹೋಯಿತು. ನೇರ ಚಾವಡಿಗೆ ಹೋದೆ. ಪಟೇಲ ಚಾಮಯ್ಯನವರು ಒಬ್ಬರೇ ಕೂತಿದ್ದರು.

“ಹೋದ ತಿಂಗಳು ಕಂದಾಯದ ಶೇಕ್‌ದಾರರು ತನಿಖೆಗೆ ಬಂದಿದ್ದರಲ್ಲ, ನಿಮ್ಮನ್ನೇನು ಕೇಳಿದರು?”

“ಈ ಕಾಡ್ನ ಊರೋರು ಯಾರಾರ ಬಳಸ್ತಾರಾ ಅಂದ್ರು.”

“ನೀವೇನಂದಿರಿ?”

ಪಟೇಲರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಯಾರೂ ಓಗಾಕಿಲ್ಲ ಬುದ್ಧಿ, ಅಂದೆ.”

“ಅಯ್ಯೋ! ಯಾಕೆ ಹಾಗಂದಿರಿ?”

“ಇನ್ನೇನ್ ಯೋಳ್ನವ್ವ ನರ್ಸಮ್ಮ? ನಮ್ಮನೆ ಎಂಗಸ್ರು ಬೆಳಗಾಗೆದ್ದು ಚೊಂಬು ತಕ್ಕಂಡು ಅಲ್ಲಿಗೆ ಓಯ್ತಾರೆ ಅಂತ ಪರಸ್ಥಳದ ಗಂಡಸ್ನ ಮುಂದೆ ಯೋಳಕಾದದಾ? ಮಾನ ಮರ್ವಾದೆ ಬ್ಯಾಡ್ವಾ?”

ಮರ್ಯಾದೆಗೆ ಹೆದರಿ ಒಂದು ಮಾತು ಆಡಿದರು. ಆ ಮಾತು ರಿಕಾರ್ಡಿಗೆ ಹೋಯಿತು: ಗ್ರಾಮಸ್ಥರಿಗೆ ಈ ಕಾಡಿನಿಂದ ಯಾವ ಉಪಯೋಗವೂ ಇಲ್ಲ. ಈಗ ತಿದ್ದಿ ಹೇಳಿ ಎಂದೆ. ಅವರು ತಲೆ ಎತ್ತಲಿಲ್ಲ. ಸುಳ್ಳುಗಾರ ಅನ್ನಿಸಿಕೊಳ್ಳಬೇಕು, ಜೊತೆಗೆ ಚೊಂಬಿನ ಮಾತನ್ನೂ ಆಡಬೇಕು — ಎರಡೂ ಅವರಿಂದ ಆಗುವುದಿಲ್ಲವಂತೆ. ಕೋಪದಲ್ಲಿ ಚಪ್ಪಲಿ ಬಿಟ್ಟು ಬಂದೆ. ಮತ್ತೆ ಹೋಗಿ ತಂದೆ.

16-2-39

ಕಾಡಿನಲ್ಲೇ ಕೂಡಿದೆವು. ಇನ್ನೆಲ್ಲಿ ಕೂಡುವುದು, ಚಾವಡಿ ಜಗುಲಿ ಗಂಡಸರದ್ದು. ಪಟೇಲರ ಹೆಂಡತಿ ಕೆಂಪಾಜಮ್ಮನೂ ಬಂದಿದ್ದಳು, ಗಂಡನ ತಪ್ಪಿಗೆ ತಾನು ಮುಖ ಸಣ್ಣ ಮಾಡಿಕೊಂಡು. ಎತ್ತಿನ ಗಾಡಿ ಮಾಡುವ ಶಂಶುದ್ದೀನ್ ಸಾಹೇಬರ ಹೆಂಡತಿ ಶರೀಫುನ್ನೀಸಾ ಬುರ್ಖಾ ಮಡಿಸಿ ಪಕ್ಕಕ್ಕಿಟ್ಟು ಕೂತಳು. ಅವಳು ಬಿಸಿಲಿಗೆ ಮುಖ ಒಡ್ಡುವುದು ಇಲ್ಲಿ ಮಾತ್ರ.

“ಇದು ಹೋದ್ರೆ ನಾನು ಮನೆಯಿಂದ ಹೊರಕ್ಕೇ ಬರೋ ಹಾಗಿಲ್ಲಕ್ಕಾ. ಕತ್ತಲಾಗೋ ತನಕ ಹೊಟ್ಟೆ ಹಿಡ್ಕೊಂಡು ಕೂತ್ಕೋಬೇಕು” ಎಂದಳು.

ನಿಜ. ಬಯಲು ಸೀಮೆಯ ಊರುಗಳಲ್ಲಿ ಕಂಡಿದ್ದೇನೆ. ಕತ್ತಲಿಗೆ ಕಾದು ಕಾದು, ನೀರೇ ಕುಡಿಯದೆ, ಬಸುರಿಯರಿಗೆ ಉರಿಮೂತ್ರ, ಕೈಕಾಲು ಬಾವು. ಹೆಲ್ತ್ ಇನ್ಸ್‌ಪೆಕ್ಟರು ಪಟೇಲರ ಹಿತ್ತಲಲ್ಲಿ ಮಾದರಿ ಕಕ್ಕಸು ಕಟ್ಟಿಸಿ ಫೋಟೋ ತೆಗೆಸಿಕೊಂಡು ಹೋದರು. ಈಗ ಅದರಲ್ಲಿ ಕೋಳಿ ಕಾವು ಕೂತಿದೆ.

ಅರ್ಜಿ ಬರೆಯುವುದು ಎಂದು ತೀರ್ಮಾನ. ನಾನು ಬರೆಯುತ್ತೇನೆ, ಅವರು ಹೆಬ್ಬೆಟ್ಟು ಒತ್ತುತ್ತಾರೆ. ತಾಲ್ಲೂಕಿನ ಅಮಲ್ದಾರರು ಖುದ್ದು ಬಂದು ನೋಡಲಿ.

27-2-39

ತಾಲ್ಲೂಕಿನಿಂದ ಉತ್ತರ. ಅಮಲ್ದಾರರು ಕ್ಯಾಂಪ್ ಬಂದಾಗ ನೋಡುತ್ತಾರಂತೆ. ಅಲ್ಲಿಯ ತನಕ ಕಡಿಯುವುದನ್ನು ತಡೆಯಲು ಆಧಾರವಿಲ್ಲ, ಪಟೇಲರ ಹೇಳಿಕೆ ಇದೆಯಲ್ಲ.

ಹಂಪಾಪುರಕ್ಕೆ ರಿಪೋರ್ಟ್ ಕೊಡಲು ಹೋದಾಗ ಡಾಕ್ಟರು ಕನ್ನಡಕ ಒರೆಸುತ್ತ, “ಗಂಡಿಗೆ ಚಟ ಇರಬಾರದು, ಹೆಣ್ಣಿಗೆ ಹಠ ಇರಬಾರದು ಅಂತಾರೆ ಸುನಂದಮ್ಮ. ನೀವು ಸರ್ಕಾರಿ ನೌಕರರು. ಅರ್ಜಿಯ ಕೈಬರಹ ಯಾರದ್ದು ಅಂತ ಮೇಲಿನವರು ಕೇಳ್ತಿದ್ದಾರೆ” ಎಂದರು.

“ಸಾರ್, ಚಟ ಇರುವ ಗಂಡಸರನ್ನು ಬೇಕಾದಷ್ಟು ಜನ ಸರ್ಕಾರಿ ನೌಕರಿಯಲ್ಲಿ ಇಟ್ಟುಕೊಂಡಿದ್ದಾರೆ. ಹಠ ಇರುವವಳು ಒಬ್ಬಳಿರಲಿ” ಎಂದೆ. ಲೈಸಾಲ್ ಕೊಟ್ಟು ಕಳಿಸಿದರು. ಹೊರಗೆ ಬಂದ ಮೇಲೆ ನೆನಪಾಯಿತು: ಈ ಕೆಲಸ ಬಿಟ್ಟರೆ ನನಗೆ ಗತಿ ಇಲ್ಲ.

6-3-39, ಸೋಮವಾರ

ಕೊಡಲಿಯವರು ಬಂದರು. ಅಂತರಸಂತೆಯಿಂದ ಎರಡು ಗಾಡಿ ಆಳು. ಮೇಸ್ತ್ರಿ ಮಾದೇವ — ಗಿಡ್ಡ, ಗಟ್ಟಿ ಮನುಷ್ಯ. ಕಂಟ್ರಾಕ್ಟರನ ಏಜೆಂಟ್ ಬಿಸಿಲು ಟೋಪಿ ಹಾಕಿಕೊಂಡು ಹಿಂದೆ.

ನಾನು ಆಗತಾನೆ ಸೊಪ್ಪು ಮುರಿದುಕೊಂಡು ಹೊರಗೆ ಬರುತ್ತಿದ್ದೆ. ಚಿಕ್ಕಸಿದ್ದಮ್ಮ ಇನ್ನೂ ಒಳಗೇ. ಮಾದೇವ ಕೊಂಬೆಯ ಹತ್ತಿರ ಬಂದವನು ಗಕ್ಕನೆ ನಿಂತ. ಕೊಡಲಿ ಹೆಗಲಿನಿಂದ ಇಳಿಯಿತು.

“ಒಳಗೆ ಯಾರವ್ರೆ?” ಎಂದು ಕೂಗಿದ.

“ನಾನಿವ್ನಿ ಕಣಪ್ಪ! ಅಲ್ಲೇ ಇರು!” ಒಳಗಿನಿಂದ ಮುದುಕಿ.

ಮಾದೇವ ತಿರುಗಿ ಆಳುಗಳಿಗೆ, “ಕೂತ್ಕಳ್ರಲಾ. ಎಂಗಸ್ರವ್ರೆ” ಎಂದ. ಎಲ್ಲರೂ ಕೂತು ಎಲೆಅಡಿಕೆ ತೆಗೆದರು. ಏಜೆಂಟ್ ಬಾಯಿ ಬಿಟ್ಟುಕೊಂಡು ನಿಂತ.

ನನಗೆ ಆಗಲೇ ಹೊಳೆಯಿತು. ಒಳಗೆ ಓಡಿ ಮುದುಕಿಯ ಕೈ ಹಿಡಿದೆ. “ಅಜ್ಜಿ, ಹೊರಗೆ ಬರಬೇಡ.”

“ಅಯ್, ಕೆಲ್ಸ ಮುಗೀತಲ್ಲವ್ವ?”

“ಮುಗಿದರೂ ಬರಬೇಡ. ನೀನು ಇರುವ ತನಕ ಅವರು ಬರುವುದಿಲ್ಲ.”

ಮುದುಕಿ ನನ್ನ ಮುಖ ನೋಡಿದಳು. ನಿಧಾನವಾಗಿ ಅರ್ಥವಾಯಿತು. ಬೊಚ್ಚುಬಾಯಿ ಬಿಟ್ಟು ನಕ್ಕು, ನೇರಳೆ ಬೇರಿನ ಮೇಲೆ ಕಾಲು ಚಾಚಿ ಕೂತಳು. “ಅಂಗಾರೆ ಮುದ್ದೆ ಇಲ್ಲಿಗೇ ಕಳ್ಸು” ಎಂದಳು. ಕತ್ತಲಾಗುವ ತನಕ ಅವಳು ಒಳಗೆ, ಅವರು ಹೊರಗೆ. ಕತ್ತಲಲ್ಲಿ ಯಾರೂ ಮರ ಕಡಿಯುವುದಿಲ್ಲ.

8-3-39

ಪಾಳಿ ಹಾಕಿದ್ದೇವೆ. ಬೆಳಕು ಹರಿಯುವ ಮೊದಲೇ ಕೊಂಬೆ ಬೀಳುತ್ತದೆ, ಕತ್ತಲಾದ ಮೇಲೆ ಏಳುತ್ತದೆ. ಒಳಗೆ ಯಾವಾಗಲೂ ಯಾರಾದರೂ ಇರಲೇಬೇಕು. ಬಿಟ್ಟಿ ಕುಳಿತವರು ಯಾರೂ ಇಲ್ಲ — ರಾಗಿ ಕೇರುತ್ತಾರೆ, ಅವರೆ ಬಿಡಿಸುತ್ತಾರೆ, ಮಕ್ಕಳ ತಲೆ ಹೇನು ನೋಡುತ್ತಾರೆ.

ಏಜೆಂಟಿಗೆ ಇವತ್ತು ತಾಳ್ಮೆ ತಪ್ಪಿತು. ಬೂಟುಗಾಲಿನಿಂದ ಕೊಂಬೆಯನ್ನು ಒದ್ದ. “ಮುದುಕಿಯರಿಗೆ ಹೆದರ್ತೀರೇನ್ರೋ, ನಡೀರಿ ಒಳಗೆ!”

ಮಾದೇವ ಎದ್ದ. ಜೋರು ಮಾಡಲಿಲ್ಲ. ಕೊಂಬೆ ಎತ್ತಿ ಮೊದಲಿದ್ದ ಹಾಗೇ ಅಡ್ಡ ಇಟ್ಟ. “ನಮ್ಮೂರಲ್ಲೂ ಅಕ್ಕತಂಗೀರವ್ರೆ ಸ್ವಾಮಿ. ಇದ ದಾಟಿ ಬಂದೆ ಅಂತ ಗೊತ್ತಾದ್ರೆ ಮನೇಲಿ ಉಣ್ಣೋ ತಣಿಗೆಗೆ ಮುದ್ದೆ ಬೀಳಾಕಿಲ್ಲ.”

“ಕೂಲಿ ಕೊಡಲ್ಲ.”

“ಬ್ಯಾಡ ಬುಡಿ.”

ಆದರೂ ಹೋಗಲಿಲ್ಲ ಅವರು. ಹೆಂಗಸರು ಹೊರಗೆ ಬಂದ ಕೂಡಲೇ ಕಡಿಯುತ್ತೇವೆ, ಅದು ನಮ್ಮ ಕೆಲಸ ಎಂದು ಮಾದೇವ ನನಗೂ ಹೇಳಿದ. ಮುಚ್ಚುಮರೆ ಇಲ್ಲದ ಮನುಷ್ಯ. ಒಂದು ಗಳಿಗೆ ನಾವು ಮೈಮರೆತರೆ ಮುಗಿಯಿತು.

11-3-39, ಶನಿವಾರ

ಊರಲ್ಲಿ ಗಂಡಸರು ಒಲೆ ಹಚ್ಚುತ್ತಿದ್ದಾರೆ. ಪಟೇಲರು ತಿರುವಿದ ಮುದ್ದೆಯನ್ನು ಅವರ ನಾಯಿ ಮೂಸಿ ಬಿಟ್ಟಿತಂತೆ. ಕೆಂಪಾಜಮ್ಮ ಹೇಳಿ ಹೇಳಿ ನಕ್ಕಳು, ಆಮೇಲೆ ಅತ್ತಳು. “ನನ್ನ ಸಂಗಡ ಮಾತೇ ಆಡ್ತಿಲ್ಲ ಕಣವ್ವ. ಊರೋರ ಮುಂದೆ ತಲೆ ತೆಗ್ದೆ ಅಂತವ್ರೆ.”

ನನಗೂ ಸುಸ್ತು. ನಡುವೆ ಎರಡು ಹೆರಿಗೆ. ಇವತ್ತು ಹೆರಿಗೆ ಮುಗಿಸಿ, ಕೈ ತೊಳೆದು, ನೇರ ಪಾಳಿಗೆ.

15-3-39

ಇವತ್ತು ಸೋತೇಬಿಡುತ್ತಿದ್ದೆವು.

ಏಜೆಂಟ್ ಹೊಸ ಉಪಾಯ ತಂದ. ದಾರಿಯ ಕಡೆ ಎರಡು ಸಾಲು ಮರ ಬಿಡುತ್ತಾನಂತೆ, ಹೆಂಗಸರಿಗೆ ಮರೆಗೆ. ಉಳಿದದ್ದು, ಅಂದರೆ ಹೊಳೆಯ ಅಂಚಿನ ದೊಡ್ಡ ಮರಗಳೆಲ್ಲ, ಅವನಿಗೆ. ಪಟೇಲರು ಒಪ್ಪಿ ಹೆಂಡತಿಗೆ ಹೇಳಿ ಕಳಿಸಿದರು.

“ಮರೆ ತಾನೆ ಬೇಕಾಗಿದ್ದುದು? ಸಿಕ್ತಲ್ಲ. ಮನೆಗೋಗನ” ಎಂದಳು ಕೆಂಪಾಜಮ್ಮ. ಇನ್ನೂ ನಾಲ್ಕು ಜನ ಸೆರಗು ಕೊಡವಿ ಎದ್ದರು. ಮನೆ ಒಡೆದುಕೊಂಡು ಇಲ್ಲೇ ಇರಿ ಎಂದು ನಾನು ಯಾವ ಬಾಯಿಂದ ಹೇಳಲಿ?

ಚಿಕ್ಕಸಿದ್ದಮ್ಮ ಕೂತಲ್ಲೇ ಎದುರು ದಡಕ್ಕೆ ಕೈ ತೋರಿಸಿದಳು. ಅಲ್ಲಿ ಮರವಿಲ್ಲ. ದಡ ಗೋಡೆಯ ಹಾಗೆ ಕಡಿದು ನಿಂತಿದೆ, ಅದರ ಮೇಲೆ ಬರೀ ಮರಳುಗುಡ್ಡೆ.

“ಆ ದೊಡ್ಡ ವೊಳೆ ಉಕ್ಕಿ ಬಂದಾಗ ನಿಮ್ಗೆಲ್ಲ ಬುದ್ಧಿ ಬಂದಿತ್ತಲ್ಲ? ಮರೆತ್ರಾ? ಆ ಕಡೆಯೋರು ಅದ್ಕೂ ಮುಂಚೆ ಇಟ್ಟಿಗೆ ಸುಡಾಕೆ ಮರ ಕಡ್ದಿದ್ರು. ವೊಳೆ ಅವ್ರ ವೊಲಕ್ಕೆ ನೆಟ್ಟಗೆ ನುಗ್ತು. ನಮ್ ಕಡೆ ಈ ಮತ್ತಿ ಮರಗಳ ಸಂದೀಲಿ ನುಸುಳ್ಕಂಡು ಸುಸ್ತಾಗಿ ಬಂತು. ಅವ್ರಿಗೆ ಮರಳು ಬಂತು, ನಮ್ಗೆ ಮೆಕ್ಕಲು ಬಂತು. ಆ ಮರಳು ಬಿದ್ದಿದ್ದು ನನ್ ತವರುಮನೆ ವೊಲದ ಮೇಲೆ. ನಮ್ಮಣ್ಣ ಅದ್ರ ಮೇಲೆ ಬಿದ್ದು ಒದ್ದಾಡಿ ಅತ್ತ. ಎಲ್ಡು ಸಾಲು ಮರ ನಿಮ್ ಕುಂಡಿ ಮುಚ್ಚತದೆ ಕಣ್ರೇ, ವೊಲ ಮುಚ್ಚಾಕಿಲ್ಲ.”

ಕೆಂಪಾಜಮ್ಮ ಎದುರು ದಡ ನೋಡಿದಳು. ಆಮೇಲೆ ಕೂತು ಅವರೆಕಾಯಿ ಮೊರ ಎಳೆದುಕೊಂಡಳು. ಮುದುಕಿಯ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ.

24-3-39, ಶುಕ್ರವಾರ

ಅಮಲ್ದಾರರು ಬಂದುಹೋದರು. ಎಲ್ಲ ಬರೆದಿಡಬೇಕು.

ಯುಗಾದಿಯೂ ಹೊಳೆಕಾಡಿನಲ್ಲೇ ಆಗಿತ್ತು, ಬೇವುಬೆಲ್ಲ ಸಮೇತ. ಇವತ್ತಂತೂ ಪಾಳಿಯೇ ಇಲ್ಲ, ಊರಿನ ಅಷ್ಟೂ ಹೆಂಗಸರು ಒಳಗೆ. ಮರದ ಸಂದಿಯಿಂದ ನಮಗೆ ದಾರಿ ಕಾಣುತ್ತದೆ, ದಾರಿಯವರಿಗೆ ನಾವು ಕಾಣುವುದಿಲ್ಲ. ಹೊರಗೆ ಊರ ಗಂಡಸರು, ಶೇಕ್‌ದಾರರು, ಏಜೆಂಟ್, ಮಾದೇವನ ಆಳುಗಳು, ಕಾಗದ ಹಿಡಿದ ಗುಮಾಸ್ತೆ. ಅಮಲ್ದಾರರು ಕುದುರೆ ಇಳಿದು ಕೊಂಬೆಯ ತನಕ ನಡೆದು ಬಂದು ನಿಂತರು. ವಯಸ್ಸಾದವರು. ದಾಟಲಿಲ್ಲ. ಅಷ್ಟಕ್ಕೇ ನನಗೆ ಅರ್ಧ ಜೀವ ಬಂತು.

“ಒಳಗೆ ಯಾರೂ ಇಲ್ಲ ಸಾರ್, ಒಂದಿಬ್ಬರು ಮುದುಕಿಯರು” ಎಂದ ಏಜೆಂಟ್. “ಯಾರೂ ಹೋಗುವುದಿಲ್ಲ ಅಂತ ಪಟೇಲರೇ ಹೇಳಿದ್ದಾರೆ.”

ಅಮಲ್ದಾರರು ಪಟೇಲರನ್ನು ನೋಡಿದರು. ಪಟೇಲರು ನೆಲ ನೋಡಿದರು. ಅಮಲ್ದಾರರು ಕಾಡಿನ ಕಡೆ ತಿರುಗಿ ಗಟ್ಟಿಯಾಗಿ, “ಒಳಗೆ ಯಾರಿದ್ದೀರಮ್ಮ? ಹೆಸರು ಹೇಳಿ, ಬರೆಸಿಕೊಳ್ಳುತ್ತೇನೆ” ಎಂದರು.

ಮೊದಲು ಕೂಗಿದ್ದು ಮುದುಕಿ. “ಚಿಕ್ಕಸಿದ್ದಮ್ಮ ಕಣಪ್ಪೋ! ಮದ್ವೆಯಾಗಿ ಬಂದಾಗ್ನಿಂದ್ಲೂ ಬತ್ತಾ ಇವ್ನಿ!”

“ಕೋಂ?” ಎಂದ ಗುಮಾಸ್ತೆ. ಯಾರ ಹೆಂಡತಿ ಎಂದು. ಸರ್ಕಾರದ ಕಾಗದದಲ್ಲಿ ಹೆಂಗಸಿನ ಹೆಸರು ಒಂಟಿಯಾಗಿ ನಿಲ್ಲುವುದಿಲ್ಲ.

ಇದನ್ನು ನಾವು ಯಾರೂ ಯೋಚಿಸಿರಲಿಲ್ಲ! ಈ ಊರಲ್ಲಿ ಗಂಡನ ಹೆಸರನ್ನು ಯಾವ ಹೆಂಗಸೂ ಬಾಯಲ್ಲಿ ಆಡುವುದಿಲ್ಲ. ಸತ್ತ ಗಂಡನದ್ದನ್ನೂ ಆಡುವುದಿಲ್ಲ. ಮುದುಕಿ ಸುಮ್ಮನಾದಳು. ಏಜೆಂಟ್ ನಕ್ಕ. ಗುಮಾಸ್ತೆ ಪೆನ್ನು ಎತ್ತಿ ಹಿಡಿದು ಕಾದ.

ಆಗ ಗಂಡಸರ ಗುಂಪಿನಿಂದ ಮುದುಕಿಯ ಮಗ ನಿಂಗಯ್ಯ ಒಂದು ಹೆಜ್ಜೆ ಮುಂದೆ ಬಂದ. “ನಮ್ಮವ್ವ ಬುದ್ಧಿ. ನಮ್ಮಪ್ಪನ ಹೆಸ್ರು ಕಾಳಯ್ಯ. ಬರ್ಕಳಿ. ದಿನಾ ಬತ್ತಳೆ.”

ಒಳಗಿನಿಂದ ಇನ್ನೊಂದು ದನಿ, ತೆಳ್ಳಗೆ: “ಶರೀಫುನ್ನೀಸಾ.” ಪರಪುರುಷರ ಕಿವಿಗೆ ಬಿದ್ದೇ ಇಲ್ಲದ ದನಿ ಅದು. ಹೊರಗೆ ಶಂಶುದ್ದೀನ್ ಸಾಹೇಬರು ಗಂಟಲು ಸರಿಮಾಡಿಕೊಂಡರು. “ನಮ್ಮ ಮನೆಯವ್ರು ಸ್ವಾಮಿ. ಶಂಶುದ್ದೀನ್. ಗಾಡಿ ಕೆಲಸ. ಗಾಡಿಗೆ ಮರ ಬೇಕಾದ್ರೆ ನಾನು ಬೇರೆ ಕಡೆ ತರ್ತೀನಿ. ಇದು ಬಿಡಿ.”

ಆಮೇಲೆ ನಿಲ್ಲಲೇ ಇಲ್ಲ. ಒಳಗೊಂದು ಹೆಸರು, ಹೊರಗೊಂದು ಹೆಸರು. ಒಬ್ಬನಾದ ಮೇಲೆ ಒಬ್ಬ, ಕೆಲವರು ನಾಚಿ, ಕೆಲವರು ಅರಚಿ. ಇಷ್ಟು ವರ್ಷ ಈ ಗಂಡಸರು ಯಾವ ಮಾತನ್ನು ಸತ್ತರೂ ಆಡೆವು ಅಂದಿದ್ದರೋ ಅದನ್ನೇ ಸರದಿಯ ಮೇಲೆ ನಿಂತು ಆಡಿದರು.

ನನ್ನ ಸರದಿ. ಸುಮ್ಮನಿದ್ದುಬಿಡಬಹುದಿತ್ತು. ಡಾಕ್ಟರ ಮುಖ ಕಣ್ಣ ಮುಂದೆ ಬಂತು. “ಸುನಂದಮ್ಮ, ಸರ್ಕಾರಿ ಮಿಡ್‌ವೈಫ್” ಎಂದು ಕೂಗಿದೆ.

“ಕೋಂ?”

ಹೊರಗೆ ಹೇಳುವವರು ನನಗೆ ಯಾರಿದ್ದಾರೆ? “ಗೋವಿಂದಯ್ಯ” ಎಂದು ನಾನೇ ಹೇಳಿದೆ. ಅವರು ಬದುಕಿದ್ದಾಗಲೂ ಆ ಹೆಸರನ್ನು ಬಾಯಿಬಿಟ್ಟು ಕರೆದವಳಲ್ಲ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

ಉಳಿದವಳು ಕೆಂಪಾಜಮ್ಮ. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಹೆಸರು ಹೇಳಿದಳು. ಗುಮಾಸ್ತೆ “ಕೋಂ?” ಎಂದ. ಹೊರಗೆ ಎಲ್ಲರ ಕಣ್ಣೂ ಒಬ್ಬರ ಮೇಲೆ. ಅವಳು ಅಲ್ಲೇ ಕಂಬದ ಹಾಗೆ ನಿಂತಿದ್ದಳು. ನಾನು ಅವಳ ಕೈ ಹಿಡಿದೆ, ತಣ್ಣಗಿತ್ತು.

ಪಟೇಲರು ರುಮಾಲು ತೆಗೆದರು.

“ಚಾಮಯ್ಯ” ಎಂದರು. “ಪಟೇಲ. ಆವತ್ತು ನಾನು ಯೋಳಿದ್ದು ಸುಳ್ಳು ಬುದ್ಧಿ. ಎಲ್ಲಾರೂ ಓಯ್ತಾರೆ. ನಮ್ಮನೆಯೋಳೂ ಓಯ್ತಳೆ. ನಮ್ಮವ್ವನೂ ಓಯ್ತಿದ್ಲು.”

ಗುಮಾಸ್ತೆ ಬರೆದುಕೊಂಡ.

25-3-39

ನಿನ್ನೆ ಒಂದು ಮಾತು ಬಿಟ್ಟುಹೋಗಿತ್ತು. ಹೊರಡುವ ಮುಂಚೆ ಅಮಲ್ದಾರರು, ಈ ಮರಗಳನ್ನು ಕಾಯಲು ಒಬ್ಬ ಗಾರ್ಡನ್ನು ಹಾಕಿಸಬೇಕಾಗುತ್ತದೆ ಎಂದರು. ಒಳಗಿನಿಂದ ಚಿಕ್ಕಸಿದ್ದಮ್ಮ, “ಗಂಡ್ಸಾದ್ರೆ ಕೊಂಬೆಯಿಂದ ಈಚೆಗೆ ಕಾಯ್ಲಿ!” ಎಂದಳು. ಅಮಲ್ದಾರರು ನಕ್ಕು, ಅದನ್ನೂ ಬರೆದುಕೊ ಎಂದರು.

ಆರ್ಡರ್ ಬರುವ ತನಕ ಪಾಳಿ ತಪ್ಪಿಸುವ ಹಾಗಿಲ್ಲ. ನಾಳೆ ಬೆಳಿಗ್ಗೆ ನನ್ನದು.

12-4-39, ಬುಧವಾರ

ಒಂದೇ ಟಪಾಲಿನಲ್ಲಿ ಎರಡು ಕಾಗದ.

ಒಂದು ಊರಿಗೆ. ಹರಾಜು ರದ್ದು. ಹೊಳೆಯ ಅಂಚಿನಿಂದ ಕಾಲುದಾರಿಯ ತನಕ ಕೊಡಲಿ ನಿಷೇಧ, ದರಖಾಸ್ತಿಗೆ ಕೊಡತಕ್ಕದ್ದಲ್ಲ. ಪಟೇಲರು ಚಾವಡಿಯಲ್ಲಿ ಎರಡು ಸಲ ಓದಿದರು. ಮಾದೇವ ಗಾಡಿ ಹೂಡುವಾಗ ಕೆಂಪಾಜಮ್ಮ ಅವನ ಆಳುಗಳಿಗೆಲ್ಲ ಬುತ್ತಿ ಕಟ್ಟಿಕೊಟ್ಟಳು.

ಇನ್ನೊಂದು ನನಗೆ, ನಮ್ಮ ಇಲಾಖೆಯ ಮೇಲಿನವರಿಂದ. ಮಾರ್ಚ್ ಇಪ್ಪತ್ತನಾಲ್ಕರಂದು ಡ್ಯೂಟಿಯ ವೇಳೆಯಲ್ಲಿ ಗುಂಪಿನೊಡನೆ ಹೊಳೆಕಾಡಿನಲ್ಲಿ ಇದ್ದದ್ದು ರುಜುವಾತಾಗಿದೆ. “ಸದರಿ ಕಾಡಿನಲ್ಲಿ ನಿಮಗೆ ಏನು ಕೆಲಸವಿತ್ತು ಎಂಬುದಕ್ಕೆ ಕೂಡಲೇ ಸಮಜಾಯಿಷಿ ಕೊಡತಕ್ಕದ್ದು.”

ವರ್ಗ ಮಾಡಿದರೆ ಮಾಡಲಿ. ಉತ್ತರ ಇಲ್ಲೇ ಮೊದಲು ಕರಡು ಬರೆದುಕೊಳ್ಳುತ್ತೇನೆ —

ಸ್ವಾಮಿ, ಸದರಿ ದಿನ ಸದರಿ ಕಾಡಿನಲ್ಲಿ ನನಗಿದ್ದ ಕೆಲಸ, ಈ ಊರಿನ ಪ್ರತಿಯೊಬ್ಬ ಹೆಂಗಸಿಗೂ ಪ್ರತಿದಿನವೂ ಇರುವ ಕೆಲಸವೇ. ಅದೇನೆಂದು ತಮಗೆ ವಿವರವಾಗಿ ತಿಳಿಯಬೇಕಾದಲ್ಲಿ ದಯಮಾಡಿ ತಮ್ಮ ಮನೆಯಲ್ಲಿ ಅಮ್ಮಾವರನ್ನು ಕೇಳತಕ್ಕದ್ದು.